ಹಳಿ ಮೇಲಿನ ಪೈಪೋಟಿ, ವಿಮಾನಕ್ಕೆ ತಟ್ಟಿದ ಬಿಸಿ

ಸ್ಪೇನಿನ ಮ್ಯಾಡ್ರಿಡ್‌ನಿಂದ ಬಾರ್ಸಿಲೋನಾಗೆ ಹಳಿ ದಾರಿಯಲ್ಲಿ 621 ಕಿ.ಮೀ. ಇಬೇರಿಯಾ ವಿಮಾನ ಸಂಸ್ಥೆ 1974ರಲ್ಲೇ ಇಲ್ಲಿ ‘ವಾಯುಸೇತುವೆ’ ಶುರು ಮಾಡಿತ್ತು. ಸೀಟು ಕಾದಿರಿಸದೆ ಬಂದು ಮುಂದಿನ ವಿಮಾನ ಹತ್ತಿದರಾಯಿತು. 2008ರ ಫೆಬ್ರುವರಿಯಲ್ಲಿ ಅತಿವೇಗದ ರೈಲು ಬಂತು. ಇಂದು ಹೆಚ್ಚಿನವರು ಹತ್ತುವುದು ರೈಲನ್ನೇ.

ತಪ್ಪು ಕಲ್ಪನೆ: ವಿಮಾನದ ವೇಗಕ್ಕೆ ರೈಲು ಸಾಟಿಯಲ್ಲ.

ವಾಸ್ತವ: ಹಾರಾಟ ಸುಮಾರು ಒಂದೂಕಾಲು ಗಂಟೆ, ರೈಲಿಗೆ ಎರಡೂವರೆ. ಆದರೆ ಪ್ರಯಾಣ ಶುರುವಾಗುವುದು ಮನೆಯ ಹೊಸ್ತಿಲಿಂದ. ಬೆಳಗಿನ ವಿಮಾನಕ್ಕೆಂದು ಜಯನಗರದಿಂದ ನಸುಕಿನಲ್ಲೇ ದೇವನಹಳ್ಳಿಗೆ ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮ್ಯಾಡ್ರಿಡ್‌ನ ಅಟೋಚಾ ನಿಲ್ದಾಣ ಊರೊಳಗೇ ಇದೆ. ಬ್ಯಾಗನ್ನು ಸ್ಕ್ಯಾನರ್‌ ಮೇಲಿಟ್ಟು, ಟಿಕೆಟ್ ತೋರಿಸಿ, ಹೋಗಿ ಕೂತರಾಯಿತು. ಇಳಿಯುವ ಸಾಂಟ್ಸ್ ನಿಲ್ದಾಣವೂ ಊರೊಳಗೇ. ಲಗೇಜಿಗಾಗಿ ಬೆಲ್ಟಿನ ಮುಂದೆ ಕಾಯುವ ಕೆಲಸವಿಲ್ಲ.

ತಪ್ಪು ಕಲ್ಪನೆ: ವೇಗದ ರೈಲು ಬಂದರೆ ಸಾಕು, ದರ ತಾನಾಗಿ ಇಳಿಯುತ್ತದೆ.

ವಾಸ್ತವ: ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಎಂದು ನನಗನ್ನಿಸುತ್ತದೆ. 13 ವರ್ಷ ಆ ಹಳಿಯ ಮೇಲೆ ಸರ್ಕಾರಿ ರೆನ್ಫೆಯ ರೈಲುಗಳಷ್ಟೇ ಓಡಿದವು. 2021ರ ಮೇ ತಿಂಗಳಲ್ಲಿ ಫ್ರಾನ್ಸಿನ ರೈಲ್ವೆಗೆ ಸೇರಿದ ವಿಗೋ ಕಾಲಿಟ್ಟಿತು. ಮರು ತಿಂಗಳೇ ರೆನ್ಫೆ ಕೂಡ ಆವ್ಲೋ ಎಂಬ ಅಗ್ಗದ ರೈಲು ಬಿಟ್ಟಿತು. 2022ರಲ್ಲಿ ಇರ್ಯೋ ಬಂತು. ಅದರ ಹಿಂದೆ ಇಟಲಿಯ ರೈಲ್ವೆಯ ಜೊತೆಗೆ ಏರ್ ನಾಸ್ಟ್ರಮ್ ವಿಮಾನ ಸಂಸ್ಥೆಯ ಷೇರುದಾರರೂ ಇದ್ದರು! ಹಳಿ ಸರ್ಕಾರದ್ದು, ಬಾಡಿಗೆ ಕಟ್ಟಿ ಓಡಿಸುವವರು ಮೂವರು. ದರ ಬಿದ್ದದ್ದು ಆಗ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದ ಮೇಲೆ ದೊಡ್ಡ ಸಂಸ್ಥೆಗಳೂ ದರ ಇಳಿಸಬೇಕಾಗಿ ಬಂತಲ್ಲ, ಹಾಗೆಯೇ. ಮುಂಬೈ–ಅಹಮದಾಬಾದ್ ನಡುವೆ 508 ಕಿ.ಮೀ. ಬುಲೆಟ್ ರೈಲಿನ ಕಂಬಗಳು ಏಳುತ್ತಿರುವಾಗ ನಾವು ಕೇಳಬೇಕಾದ್ದೂ ಇದನ್ನೇ: ಆ ಹಳಿಯ ಮೇಲೆ ಓಡಿಸುವವರು ಒಬ್ಬರೋ, ಹಲವರೋ?

ತಪ್ಪು ಕಲ್ಪನೆ: ಟಿಕೆಟ್ ಅಗ್ಗವಾದರೆ ಪ್ರಯಾಣವೂ ಅಗ್ಗ.

ವಾಸ್ತವ: ‘ಪ್ಯಾರಿಸ್’ ಎಂದು ಅಗ್ಗದ ವಿಮಾನಗಳು ಇಳಿಸುವ ಬೊವೆ ನಿಲ್ದಾಣ ಪ್ಯಾರಿಸ್ಸಿನಿಂದ ಸುಮಾರು 80 ಕಿ.ಮೀ. ದೂರ. ಬಸ್ಸಿನ ಹಣ, ಬ್ಯಾಗಿನ ಹಣ ಸೇರಿಸಿಯೇ ಲೆಕ್ಕ ಹಾಕಬೇಕು.

ತಪ್ಪು ಕಲ್ಪನೆ: ವೇಗದ ರೈಲು ಬಂದಲ್ಲೆಲ್ಲ ವಿಮಾನ ಸೋಲುತ್ತದೆ.

ವಾಸ್ತವ: ಜಪಾನಿನ ಟೋಕಿಯೊದಿಂದ ಒಸಾಕಾಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಎರಡೂವರೆ ಗಂಟೆ, ರೈಲಿನದೇ ಮೇಲುಗೈ. ಫುಕುವೋಕಾಗೆ ಹತ್ತಿರ ಹತ್ತಿರ ಐದು ಗಂಟೆ. ಅಲ್ಲಿ ಜನ ವಿಮಾನವನ್ನೇ ಹಿಡಿಯುತ್ತಾರೆ. ಮೇಲಾಗಿ ಫುಕುವೋಕಾದ ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಶಿಂಕಾನ್ಸೆನ್ ನಿಲ್ಲುವ ಹಕಾಟಾಗೆ ಅಲ್ಲಿಂದ ಸುರಂಗ ರೈಲಿನಲ್ಲಿ ಎರಡನೇ ಸ್ಟಾಪು, ಐದೇ ನಿಮಿಷ.