ಗಾಳವಿದ್ಯೆಯ ಓನಾಮ

ಮೂಡಿಗೆರೆ ಸೀಮೆಯ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ, ಸಕಲೇಶಪುರದ ಕಾಡು ತೋಟಗಳ ನಡುವೆ ಹರಿದು, ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ವಿಶಾಲವಾಗಿ ಹರಡಿ ನಿಂತು, ಅಲ್ಲಿಂದ ಬಿಡುಗಡೆ ಹೊಂದಿದ ಮೇಲೆ ಶ್ರೀರಾಮದೇವರ ಕಟ್ಟೆಯನ್ನು ಹಾಯ್ದು ಹೊಳೆನರಸೀಪುರದ ಪಕ್ಕದಲ್ಲಿ ಸಾಗುವ ಹೇಮಾವತಿಯು, ಅಕ್ಕಿಹೆಬ್ಬಾಳನ್ನು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಅರಕಲಗೂಡಿನವರಿಗೆ ಹೇಮಾವತಿಯ ಜೊತೆಗೆ ಕಾವೇರಿಯೂ ಸ್ವಂತ; ಕೊಣನೂರು, ರಾಮನಾಥಪುರಗಳು ಆಕೆಯ ದಡದ ಊರುಗಳು. ಚನ್ನರಾಯಪಟ್ಟಣದ ಬಯಲು ಸೀಮೆಯಾದರೋ ಪುರಾತನ ಕಾಲದಿಂದಲೂ ಕೆರೆಗಳನ್ನು ನಂಬಿಕೊಂಡು ಬಂದದ್ದು. ಹೇಮಾವತಿಯ ಎಡದಂಡೆ ನಾಲೆಯು ಅಲ್ಲಿಗೆ ನೀರು ತಂದದ್ದು ಈಚಿನ ಮಾತು. ಹೀಗೆ ಹೊಳೆ, ಹಿನ್ನೀರು, ಕೆರೆ, ನಾಲೆಗಳೆಂಬ ನಾಲ್ಕು ಬಗೆಯ ನೀರು ಹಾಸನ ಜಿಲ್ಲೆಯ ಈ ಭಾಗದ ಮಕ್ಕಳಿಗೆ ಒಂದು ಗಾವುದದ ಒಳಗೆ ಒದಗುತ್ತದೆ. ನೀರಿದ್ದ ಮೇಲೆ ಮೀನು, ಮೀನಿದ್ದ ಮೇಲೆ ಗಾಳ, ಗಾಳವಿದ್ದ ಮೇಲೆ ಅದನ್ನು ಹಿಡಿಯಲು ಕಲಿಸುವ ಹಿರಿಯನೊಬ್ಬನು ಇದ್ದೇ ಇರುತ್ತಾನೆ.

ಈ ವಿದ್ಯೆಗೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಬೆಸ್ತರ, ಗಂಗಾಮತಸ್ಥರ ಮನೆಗಳಲ್ಲಿ ಇದು ಕುಲವೃತ್ತಿಯಾಗಿ ಅಜ್ಜನಿಂದ ಮೊಮ್ಮಗನಿಗೆ ಸಾಗಿ ಬಂದಿತು. ಬೇಸಾಯಗಾರರ ಮನೆಗಳಲ್ಲಿ ಬಿಡುವಿನ ಹೊತ್ತಿನ ವಿನೋದವಾಗಿ, ಕೆಲವು ವೇಳೆ ತಂದೆಗೆ ತಿಳಿಯದಂತೆ, ಸೋದರಮಾವನಿಂದ ಅಳಿಯನಿಗೆ ಬಂದಿತು. ಗಾಳ ಹಿಡಿದ ಹುಡುಗ ಓದಿಗೆ ದಕ್ಕುವುದಿಲ್ಲವೆಂಬ ಅಪವಾದವನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರಿಲ್ಲ. ನನಗೆ ಈ ಮಾತಿನಲ್ಲಿ ನಂಬಿಕೆಯಿಲ್ಲ. ಹೇಮಾವತಿಯ ಉಗಮದ ಸೀಮೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಗಾಳದ ಗೀಳಿನಿಂದ ಕೆಟ್ಟವರೆಂದು ಯಾರೂ ಹೇಳಲಾರರು. ಒಂದು ಗಂಟೆಯ ಕಾಲ ಮಾತಿಲ್ಲದೆ, ಚಲನೆಯಿಲ್ಲದೆ, ಒಂದೇ ಬಿಂದುವಿನಲ್ಲಿ ದೃಷ್ಟಿಯನ್ನು ನೆಟ್ಟು ಕುಳಿತಿರಬಲ್ಲ ಹತ್ತು ವರ್ಷದ ಬಾಲಕನನ್ನು ಯಾವ ಉಪಾಧ್ಯಾಯರಾದರೂ ಸಂತೋಷದಿಂದಲೇ ತರಗತಿಗೆ ಸೇರಿಸಿಕೊಳ್ಳಬೇಕಲ್ಲವೆ!

ಇಂಥ ಪಾಠಗಳಿಗೆ ಪ್ರಶಸ್ತವಾದುದು ಬೇಸಿಗೆಯ ರಜೆ. ಕೆರೆಗಳಲ್ಲಿ ನೀರು ಇಳಿದಿರುತ್ತದೆ, ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿರುತ್ತಾರೆ, ಮೀನಿಗೂ ಹಸಿವು ಹೆಚ್ಚು. ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಯೊಂದರ ಕೆರೆಯ ಬಳಿ ನಾನು ಕಂಡ ಪಾಠವೊಂದರಲ್ಲಿ, ಏರಿಯ ಒಳಮೈಗೆ ಕಟ್ಟಿದ ಕಲ್ಲುಗಳ ಮೇಲೆ ಏಳೆಂಟು ಮಕ್ಕಳು ಸಾಲಾಗಿ ಕುಳಿತಿದ್ದರು. ಗುರುವಾಗಿದ್ದ ವೃದ್ಧರು ಅವರ ಕೈಗೆ ಇನ್ನೂ ಕೋಲನ್ನು ಕೊಟ್ಟಿರಲಿಲ್ಲ. ಮೊದಲು ನೀರನ್ನು ನೋಡಬೇಕು, ನೋಡಿ ಕಂಡದ್ದನ್ನು ಹೇಳಬೇಕು, ಇದೇ ಅವರ ವಿಧಿ. ಒಬ್ಬ ಹುಡುಗನು ಬೇಸರದಿಂದ ಕಲ್ಲಿನಿಂದ ಕಲ್ಲಿಗೆ ನೆಗೆಯತೊಡಗಿದಾಗ ಅವರು ತಿರುಗಿ ನೋಡದೆಯೇ, "ಕುಣೀಬ್ಯಾಡ ಕಣ್ಲಾ, ಮೀನಿಗೆ ಮೈಯೆಲ್ಲಾ ಕಿವಿ" ಎಂದರು. ಈ ಮಾತು ಬರಿಯ ಬೆದರಿಕೆಯಲ್ಲ. ಮೀನಿನ ಎರಡೂ ಪಕ್ಕೆಗಳಲ್ಲಿ ಕಿವಿರಿನಿಂದ ಬಾಲದವರೆಗೆ ಸಾಗುವ ಒಂದು ಸೂಕ್ಷ್ಮರೇಖೆಯುಂಟು. ನೀರಿನ ಅತ್ಯಲ್ಪ ಕಂಪನವನ್ನೂ ಅದು ಆ ರೇಖೆಯ ಮೂಲಕ ಅರಿಯುತ್ತದೆ. ದಡದ ಮೇಲೆ ಬಿದ್ದ ಹೆಜ್ಜೆಯ ಅದುರು ನೀರಿಗಿಳಿದು ಮೀನಿನ ಮೈಗೆ ಮುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹೀಗೆ ನೋಡುತ್ತ ಕುಳಿತ ಮಕ್ಕಳಿಗೆ ನಿಶ್ಚಲವೆಂದು ತೋರಿದ್ದ ಕೆರೆಯು ಕ್ರಮಕ್ರಮವಾಗಿ ತನ್ನ ವ್ಯವಹಾರಗಳನ್ನು ತೋರಿಸತೊಡಗಿತು. ಒಂದು ಕಡೆ ಕೆಸರಿನಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದುವು. ಅಲ್ಲಿ ಗೆಂಡೆಮೀನು ತಳವನ್ನು ಕೆದಕುತ್ತಿದೆಯೆಂದು ತಿಳಿಯತಕ್ಕದ್ದು. ಇನ್ನೊಂದು ಕಡೆ ಜೊಂಡಿನ ಮಗ್ಗುಲಲ್ಲಿ ಕಪ್ಪು ಮೂತಿಯೊಂದು ಮೇಲೆದ್ದು, ಗುಳುಕ್ಕೆಂದು ಸದ್ದುಮಾಡಿ ಮುಳುಗಿತು, ಅದು ಕೊರಮೀನು. ಕಿವಿರುಗಳಿದ್ದರೂ ಅದಕ್ಕೆ ನೀರಿನಲ್ಲಿ ಕರಗಿದ ಪ್ರಾಣವಾಯು ಸಾಲದು. ಆಗಾಗ ಮೇಲೆ ಬಂದು ಹೊರಗಿನ ಗಾಳಿಯನ್ನು ಕುಡಿದು ಹೋಗಬೇಕು. ಒಮ್ಮೆ ಎದ್ದ ಠಾವಿನ ಸಮೀಪದಲ್ಲಿಯೇ ಮತ್ತೆ ಏಳುವ ಸ್ವಭಾವ ಅದಕ್ಕಿರುವುದರಿಂದ, ತಾಳ್ಮೆಯುಳ್ಳವನಿಗೆ ಅದರ ಮನೆ ಗೊತ್ತಾಗುವುದು ಕಷ್ಟವಲ್ಲ.

ಎರಡನೆಯ ಪಾಠ ಮೀನಿನ ಬಾಯಿಗೆ ಸಂಬಂಧಿಸಿದ್ದು. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದೂ ಇದೇ. ಆ ದಿನ ಬೆಳಿಗ್ಗೆ ಬಲೆಗೆ ಬಿದ್ದಿದ್ದ ಕೆಲವು ಮೀನುಗಳನ್ನು ಒಂದು ತಾಮ್ರದ ಹಂಡೆಯಲ್ಲಿ ಹಾಕಿ ಮಕ್ಕಳ ಮುಂದೆ ಇಟ್ಟಿದ್ದರು. ಕಾಟ್ಲಾ ಮೀನಿನ ಬಾಯಿಯು ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ತೇಲುವ ಆಹಾರವನ್ನು ತಿನ್ನತಕ್ಕದ್ದು. ಮೃಗಾಲ್ ಮೀನಿನ ಬಾಯಿಯು ಕೆಳಕ್ಕೆ ತಿರುಗಿದೆ. ಅದರ ಊಟ ತಳದಲ್ಲಿ. ರೋಹು ಇವೆರಡರ ಮಧ್ಯದ ಜಲಭಾಗದಲ್ಲಿ ವಿಹರಿಸುವ ಪ್ರಾಣಿ. ಬಂಗಾಳದ ಕಡೆಯಿಂದ ಬಂದ ಈ ಮೂರು ಜಾತಿಗಳೂ ಇಂದು ನಮ್ಮ ಕೆರೆಗಳಲ್ಲಿ ಒಟ್ಟಿಗೆ ಬೆಳೆಯುವುದು ಸಾಧ್ಯವಾಗಿರುವುದಕ್ಕೆ, ಒಂದರ ಅನ್ನಕ್ಕೆ ಮತ್ತೊಂದು ಕೈಹಾಕದೆ ಇರುವುದೇ ಕಾರಣ. ಸಾಮಾನ್ಯ ಗೆಂಡೆಗೆ ಬಾಯಿಯ ಬಳಿ ಸಣ್ಣ ಮೀಸೆಗಳುಂಟು. ಕದಡಿದ ನೀರಿನಲ್ಲಿ ಅದು ಅವುಗಳಿಂದ ತಡವಿ ಆಹಾರವನ್ನು ಗುರುತಿಸುತ್ತದೆ. ಇಷ್ಟನ್ನು ಕಣ್ಣಿನಿಂದ ಕಂಡ ಮೇಲೆ, ಗಾಳವು ಎಷ್ಟು ಆಳದಲ್ಲಿ ನಿಲ್ಲಬೇಕೆಂಬುದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಬೆಂಡನ್ನು ದಾರದಲ್ಲಿ ಮೇಲೆ ಸರಿಸಬೇಕೋ ಕೆಳಗೆ ಸರಿಸಬೇಕೋ ಎಂದು ಅವರೇ ವಾದಕ್ಕೆ ತೊಡಗುತ್ತಾರೆ.

ಸಲಕರಣೆಯ ವಿಚಾರ ಸ್ವಲ್ಪವೇ. ನೆಟ್ಟಗೆ ಬೆಳೆದು ನೆರಳಿನಲ್ಲಿ ಒಣಗಿದ ತೆಳು ಬಿದಿರು, ಸಂತೆಯಲ್ಲಿ ಸಿಕ್ಕುವ ನೈಲಾನ್ ದಾರ, ಕೊಕ್ಕೆ, ಮುಳುಗಿಸುವುದಕ್ಕೆ ಚೂರು ಸೀಸ, ತೇಲುವುದಕ್ಕೆ ಜೋಳದ ದಂಟಿನ ಬೆಂಡು ಅಥವಾ ನವಿಲುಗರಿಯ ಬುಡ. ಎರೆಯಾಗಿ ತಿಪ್ಪೆಯ ಅಂಚಿನಲ್ಲಿ ಅಗೆದು ತಂದ ಎರೆಹುಳು. ಗೆಂಡೆಗಾದರೆ ಗಟ್ಟಿಯಾಗಿ ನಾದಿದ ರಾಗಿಹಿಟ್ಟಿನ ಉಂಡೆ. ಮಕ್ಕಳಿಗೆ ಕೊಡುವ ಕೊಕ್ಕೆಗಳ ಹಿಮ್ಮುಳ್ಳನ್ನು ಆ ವೃದ್ಧರು ಇಕ್ಕಳದಿಂದ ಅಮುಕಿ ಮಟ್ಟಮಾಡಿದ್ದರು. ಬೆರಳಿಗೆ ಚುಚ್ಚಿಕೊಂಡರೂ ಸುಲಭವಾಗಿ ಬಿಡಿಸಬಹುದು, ಸಣ್ಣ ಮೀನನ್ನು ಗಾಯವಾಗದಂತೆ ನೀರಿಗೆ ಹಿಂದಿರುಗಿಸಲೂಬಹುದು.

ಮೀನುಗಾರಿಕೆಯ ಶಾಸ್ತ್ರಗ್ರಂಥವೆಂದರೆ 1653ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್ನನ ಪುಸ್ತಕವೆಂದು ಇಂಗ್ಲಿಷ್ ಓದಿದವರು ಹೇಳುವುದುಂಟು. ಅದಕ್ಕಿಂತ ಐದು ಶತಮಾನಗಳ ಹಿಂದೆಯೇ, 1126ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ರಚಿಸಿ, ಮೀನುಗಳ ಜಾತಿಭೇದಗಳು, ಅವಕ್ಕೆ ಒಡ್ಡಬೇಕಾದ ಆಹಾರ, ಗಾಳದ ದಾರ, ಕೋಲುಗಳ ಲಕ್ಷಣಗಳು, ಇವನ್ನೆಲ್ಲ ರಾಜೋಚಿತವಾದ ಶ್ರದ್ಧೆಯಿಂದ ನಿರೂಪಿಸಿದ್ದಾನೆ. ನಮ್ಮ ಸೀಮೆಯಲ್ಲಿ ಹೊಯ್ಸಳ ವಿಷ್ಣುವರ್ಧನನು ಆಳುತ್ತಿದ್ದ ಕಾಲ ಅದು. ಚಕ್ರವರ್ತಿಯು ಸಂಸ್ಕೃತದಲ್ಲಿ ಬರೆದುದನ್ನು ನಮ್ಮ ಹೊಳೆಯ ದಡದ ಬೆಸ್ತನು ಓದಿರಲಾರನು. ಚಕ್ರವರ್ತಿಯೇ ಅಂಥವರನ್ನು ಕೇಳಿ ಬರೆದಿರಬೇಕೆಂದು ನನ್ನ ಊಹೆ.

ಇನ್ನು ಕೋಲು ಕೈಗೆ ಬಂದ ಘಳಿಗೆ. ಮೊದಲ ಸಲ ಗಾಳ ಹಾಕುವ ಮಗುವು ಬೆಂಡು ಅಲುಗಿದೊಡನೆಯೇ ಕೋಲನ್ನು ಆಕಾಶಕ್ಕೆ ಎತ್ತುತ್ತದೆ. ಬರಿಯ ಕೊಕ್ಕೆಯು ಹಾರಿ ಹಿಂದಿನವರ ಅಂಗಿಗೆ ಸಿಕ್ಕಿಕೊಳ್ಳುತ್ತದೆ. ಗೆಂಡೆಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಅದು ಎರೆಯನ್ನು ಬಾಯಿಗೆ ಹೀರಿ, ಉಗುಳಿ, ಮತ್ತೆ ಹೀರಿ ಪರೀಕ್ಷಿಸುತ್ತದೆ. ಬೆಂಡಿನ ಮೊದಲ ನಡುಕಗಳೆಲ್ಲ ಈ ಪರೀಕ್ಷೆಯ ಲಕ್ಷಣಗಳು. "ಎಳೀಬ್ಯಾಡ, ಎಳೀಬ್ಯಾಡ, ರುಚಿ ನೋಡ್ತೈತೆ. ಬೆಂಡು ಓರೆಯಾಗಿ ಒಳಕ್ಕೆ ಹೋಗ್ಲಿ, ಆಗ ಮಣಿಕಟ್ಟು ಮಾತ್ರ ತಿರುಗ್ಸು ಮಗ, ತೋಳಲ್ಲ" ಎಂದು ವೃದ್ಧರು ಪಿಸುದನಿಯಲ್ಲಿ ಹೇಳುತ್ತಿದ್ದರು. "ಇನ್ನೂ ಎಷ್ಟೊತ್ತು ತಾತ?" ಎಂದು ಕೇಳಿದವಳು ಒಂಬತ್ತು ವರ್ಷದ ಹುಡುಗಿ. ಆ ಗುಂಪಿನ ಮೊದಲ ಮೀನು ಸಿಕ್ಕಿದ್ದೂ ಆಕೆಗೇ, ಅಂಗೈಯಗಲದ ಒಂದು ಜಿಲೇಬಿ.

ಜಿಲೇಬಿ ಮೀನನ್ನು ಗಾಳದ ಪಂಡಿತರು ಕೀಳಾಗಿ ಕಾಣುತ್ತಾರೆ. ಆಫ್ರಿಕದ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಇಂದು ಅದು ಬೇಡವೆಂದರೂ ಬಿಡದ ಅತಿಥಿ. ಆದರೆ ಕಲಿಯುವ ಮಕ್ಕಳಿಗೆ ಅದರಷ್ಟು ಉದಾರವಾದ ಮೀನು ಬೇರೊಂದಿಲ್ಲ; ಎರೆ ಕಂಡೊಡನೆ ನುಂಗುತ್ತದೆ. ತಾಯಿ ಜಿಲೇಬಿಯು ಮೊಟ್ಟೆಗಳನ್ನು ಬಾಯಿಯಲ್ಲಿಟ್ಟುಕೊಂಡು, ಮರಿಯಾಗುವವರೆಗೂ ಊಟವನ್ನು ತ್ಯಜಿಸಿ ಕಾಪಾಡುತ್ತದೆಯೆಂದು ಕೇಳಿದ ಮೇಲೆ ಆ ಹುಡುಗಿಯು ತನ್ನ ಮೀನಿನ ಬಾಯಿಯನ್ನು ಬಿಡಿಸಿ ನೋಡಿದಳು. ಬಾಯಿ ಬರಿದಾಗಿತ್ತು. ಬಾಯಿ ತುಂಬಿದ ಮೀನು ಎರೆಯನ್ನು ಕಚ್ಚುವುದು ಅಪರೂಪವೆಂದು ವೃದ್ಧರು ಆಕೆಗೆ ಸಮಾಧಾನ ಹೇಳಿದರು.

ಹಿಡಿಯಬಾರದ ಮೀನಿನ ಪಾಠ ಆರಂಭವಾಗುವುದು ಇಲ್ಲಿಂದಲೇ. ಕೊರಮೀನಿನ ಮರಿಗಳು ಕೆಂಬಣ್ಣದ ಗುಂಪಾಗಿ ನೀರಿನ ಮೇಲ್ಗಡೆ ಸುತ್ತಾಡುತ್ತವೆ. ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಆಗ ಅವು ಕಣ್ಣೆದುರಿಗೆ ಬಂದುದನ್ನೆಲ್ಲ ಕೋಪದಿಂದ ಕಚ್ಚುವುದರಿಂದ ಅವುಗಳನ್ನು ಹಿಡಿಯುವುದು ಅತಿಸುಲಭ. ಹಿಡಿದರೆ ಮರಿಗಳೆಲ್ಲ ಇತರ ಮೀನುಗಳ ಪಾಲು. ಮುಂಗಾರಿನ ಹೊಸನೀರಿಗೆ ಎದುರಾಗಿ ಏರುವ ಮೊಟ್ಟೆಮೀನಿನ ಮಾತೂ ಹಾಗೆಯೇ. ಈ ನಿಷೇಧಗಳನ್ನು ಗದರಿಸಿ ಹೇಳಿದರೆ ಮಕ್ಕಳು ಮರುದಿನವೇ ಮುರಿಯುತ್ತಾರೆ. ಕೆಂಪು ಮರಿಗಳ ಗುಂಪನ್ನು ಒಮ್ಮೆ ಕಣ್ಣಾರೆ ತೋರಿಸಿದರೆ ಮುರಿಯುವವರು ಕಡಮೆ.

ಇದರ ಉನ್ನತ ವ್ಯಾಸಂಗಕ್ಕೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಬೇಕು. ರಾಮೇಶ್ವರ ದೇವಾಲಯದ ಬಳಿ ಕಾವೇರಿಯಲ್ಲಿರುವ ವಹ್ನಿಪುಷ್ಕರಿಣಿಯು ಮತ್ಸ್ಯಧಾಮ. ಅಲ್ಲಿ ಗಾಳ, ಬಲೆಗಳಿಗೆ ಪ್ರವೇಶವಿಲ್ಲ. ಭಕ್ತರು ಸೋಪಾನದಲ್ಲಿ ಕುಳಿತು ಕಡಲೆಪುರಿಯನ್ನು ಎರಚಿದರೆ ಮಹಶೀರ್ ಕುಲದ ದೊಡ್ಡ ಮೀನುಗಳು ಒಂದನ್ನೊಂದು ತಳ್ಳಿಕೊಂಡು ಮೇಲೆ ಬರುತ್ತವೆ. ಕಾವೇರಿಯ ಬೆಸ್ತರು ಬಿಳಿಮೀನೆಂದು ಕರೆಯುವುದು ಈ ಕುಲವನ್ನೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಇದೇ ಜಾತಿಯ 120 ಪೌಂಡು ತೂಕದ ಮೀನೊಂದನ್ನು ಗಾಳದಿಂದ ಹಿಡಿದದ್ದು ಜಗತ್ತಿನ ಗಾಳಗಾರರಲ್ಲಿ ಇಂದಿಗೂ ಮಾತಿನ ವಸ್ತು. ಕಾವೇರಿಗೆ ಮಾತ್ರ ವಿಶಿಷ್ಟವಾದ, ಬೆನ್ನು ಉಬ್ಬಿದ ಮಹಶೀರಿಗೆ ಟೋರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮಧೇಯವು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದನ್ನು ವಿನಾಶದ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಗಿ ಬಂದಿತು. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರಿನ ಪೈಪೋಟಿ, ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದು, ಇವೆಲ್ಲ ಅದರ ಅವನತಿಗೆ ಕಾರಣಗಳು. ಸಿಡಿಮದ್ದು ಹಾಕುವವನನ್ನು ಗಾಳದವರು ತಮ್ಮವನೆಂದು ಒಪ್ಪುವುದಿಲ್ಲ. ಅವನು ಮೀನನ್ನು ಹಿಡಿಯುವವನಲ್ಲ, ಹೊಳೆಯನ್ನೇ ಕೊಲ್ಲುವವನು.

ಯಾವ ನೀರಿನಲ್ಲಿ ಕಲಿಸಬೇಕೆಂಬುದೂ ವಿವೇಚನೆಗೆ ಅರ್ಹವಾದ ವಿಷಯ. ನಾಲೆ ಸರ್ವಥಾ ಕೂಡದು. ಗಾರೆ ಬಳಿದ ಇಳಿಜಾರು ದಡ, ಒಳಗೆ ರಭಸದ ಹರಿವು, ಬಿದ್ದವರಿಗೆ ಹಿಡಿದುಕೊಳ್ಳಲು ಒಂದು ಬೇರೂ ಇಲ್ಲ. ಹಿನ್ನೀರಿನ ತಳದಲ್ಲಿ ಮುಳುಗಿದ ಹೊಲಗಳ ಗುಂಡಿಗಳಿರುತ್ತವೆ. ಕೆರೆಯಲ್ಲಿಯೂ ತೂಬಿನ ಸಮೀಪ, ಕೋಡಿಯ ಸಮೀಪ ಮಕ್ಕಳನ್ನು ಬಿಡಬಾರದು. ಅನುಮತಿಯ ಮಾತೂ ಇದೆ: 40 ಹೆಕ್ಟೇರಿಗೆ ಮೇಲ್ಪಟ್ಟ ಕೆರೆಗಳು ಮೀನುಗಾರಿಕೆ ಇಲಾಖೆಗೂ ಸಣ್ಣವು ಗ್ರಾಮ ಪಂಚಾಯಿತಿಗೂ ಒಳಪಟ್ಟು ಗುತ್ತಿಗೆಗೆ ಹೋಗುವುದರಿಂದ, ಮರಿ ಬಿಟ್ಟು ಸಾಕಿದವರನ್ನು ಮೊದಲೇ ಒಂದು ಮಾತು ಕೇಳುವುದು ಮರ್ಯಾದೆ. ಮಕ್ಕಳ ಗಾಳಕ್ಕೆ ಬೇಡವೆನ್ನುವ ಗುತ್ತಿಗೆದಾರನನ್ನು ನಾನು ಕಂಡಿಲ್ಲ.

ಪ್ರಾಣಿಹಿಂಸೆಯ ಪ್ರಶ್ನೆಯನ್ನು ಯಾರಾದರೂ ಎತ್ತಿಯೇ ತೀರುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳದ ಗೊಮ್ಮಟನು ನಿಂತಿರುವಾಗ ಎತ್ತದಿರುವುದೂ ಸಾಧ್ಯವಿಲ್ಲ. ಆ ದಿನ ಅದನ್ನು ಎತ್ತಿದವನು ಬೆಂಗಳೂರಿನಿಂದ ಬಂದಿದ್ದ ಹುಡುಗ. ವೃದ್ಧರು ವಾದಕ್ಕೆ ಇಳಿಯಲಿಲ್ಲ. ಬೇಡವೆಂದವರು ತಮ್ಮ ಮೀನನ್ನು ಬಿಟ್ಟುಬಿಡಬಹುದು, ಆದರೆ ಕೈಯನ್ನು ಮೊದಲು ಒದ್ದೆ ಮಾಡಿಕೊಳ್ಳಬೇಕು, ಒಣಕೈ ತಗುಲಿದರೆ ಮೈಯ ಲೋಳೆ ಕಿತ್ತು ಮೀನಿಗೆ ರೋಗ ಹತ್ತುತ್ತದೆ ಎಂದಷ್ಟೇ ಹೇಳಿದರು. ಇಬ್ಬರು ಬಿಟ್ಟರು. ಉಳಿದವರ ಮೀನುಗಳು ಸಂಜೆ ಹುಣಸೆಹುಳಿಯ ಸಾರಾಗಿ ರಾಗಿಮುದ್ದೆಯ ಪಕ್ಕಕ್ಕೆ ಬಂದುವು. ಬಿಟ್ಟವರಲ್ಲಿ ಒಬ್ಬನು ಸಾರನ್ನು ಎರಡು ಸಲ ಹಾಕಿಸಿಕೊಂಡನೆಂಬುದನ್ನು ಇಲ್ಲಿ ಹೇಳದಿರಲಾರೆ.

ಗಾಳ ಕೈವಶವಾದವರಿಗೆ ಮುಂದಿನ ಮೆಟ್ಟಿಲು ಬೀಸುಬಲೆ. ಅಂಚಿಗೆ ಸೀಸದ ಗುಂಡುಗಳನ್ನು ಪೋಣಿಸಿದ ಆ ಬಲೆಯ ಒಂದು ಪಾಲನ್ನು ಮೊಣಕೈಗೆ ಏರಿಸಿ, ಮತ್ತೊಂದನ್ನು ಹೆಗಲಿಗೆ ಹಾಕಿ, ಸೊಂಟವನ್ನು ತಿರುಗಿಸಿ ಎಸೆದಾಗ ಅದು ಗಾಳಿಯಲ್ಲಿ ವೃತ್ತಾಕಾರವಾಗಿ ಅರಳಿ ಬೀಳಬೇಕು. ಅದನ್ನು ಮೊದಲು ಕಲಿಸುವುದು ನೀರಿನಲ್ಲಲ್ಲ, ಬೆಳೆ ಬಡಿದು ಖಾಲಿಯಾದ ಕಣದಲ್ಲಿ. ಜಿಲೇಬಿ ಹಿಡಿದ ಹುಡುಗಿಯು ಅಂದೇ ಬಲೆಯನ್ನು ಕೇಳಿದಳು. ವೃದ್ಧರು ಆಕೆಯ ರಟ್ಟೆಯನ್ನು ಹಿಡಿದು ನೋಡಿ, "ಇದಿನ್ನೂ ಬಲೀಬೇಕು. ಬರೋ ವರ್ಷ ಬಾರವ್ವ, ಕಣದಾಗೆ ಬೀಸೀಯಂತೆ" ಎಂದು ಕೋಲುಗಳನ್ನು ಒಟ್ಟುಗೂಡಿಸಿ ಕಟ್ಟತೊಡಗಿದರು.