ಉದ್ಯೋಗದ ಬಾಗಿಲೂ ಒಳಗಿನ ಕಟ್ಟಳೆಯೂ

ಹೆಣ್ಣುಮಗಳಿಗೆ ಕೆಲಸವು ದೊರೆಯಿತೆಂದರೆ ತಂದೆತಾಯಿಗಳು ನಿಶ್ಚಿಂತರಾಗುವರು. ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಗ್ರಾಮದಲ್ಲಿ ಅದು ಸಂತೋಷದ ಸುದ್ದಿಯೇ ಸರಿ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ಕಟ್ಟಳೆಗಳೆಲ್ಲವೂ ನ್ಯಾಯವಾಗಿರುವುವೆಂದು ಭಾವಿಸಲಾಗದು. ಇದಕ್ಕೆ ನಮ್ಮ ನಾಡಿನ ಮಹಿಳೆಯೊಬ್ಬರ ವೃತ್ತಾಂತವೇ ಸಾಕ್ಷಿಯಾಗಿರುವುದು.

ಕುಮಾರಿ ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು 1924ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರೂ ವಿದ್ಯಾಭ್ಯಾಸವು ನಿಲ್ಲಲಿಲ್ಲ. ಮಡಿಕೇರಿಯಲ್ಲಿಯೂ ಮದರಾಸಿನಲ್ಲಿಯೂ ಓದಿ, ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1949ರಲ್ಲಿ ಭಾರತದ ವಿದೇಶಾಂಗ ಸೇವೆಯನ್ನು ಸೇರಿದರು. ಆ ಸೇವೆಗೆ ಹಾಗೆ ಸೇರಿದ ಸ್ತ್ರೀಯರಲ್ಲಿ ಅವರೇ ಮೊದಲಿಗರು. ಸೇರುವಾಗಲೇ, ವಿವಾಹವಾದರೆ ಉದ್ಯೋಗವನ್ನು ಬಿಡುವೆನೆಂಬ ಮುಚ್ಚಳಿಕೆಯನ್ನು ಅವರಿಂದ ಬರೆಯಿಸಿಕೊಳ್ಳಲಾಯಿತು.

ಮುಂದೆ 1961ರ ನಿಯಮಗಳಲ್ಲಿಯೂ ಈ ಭಾವನೆಯೇ ನೆಲೆಸಿದ್ದಿತು. ಸ್ತ್ರೀ ಅಧಿಕಾರಿಯು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯಬೇಕು. ಸಂಸಾರವು ಕರ್ತವ್ಯಕ್ಕೆ ಅಡ್ಡಿಯಾಗುವುದೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆಯನ್ನು ಕೊಡಬೇಕು. ವಿವಾಹಿತೆಯು ನೇಮಕವನ್ನು ಹಕ್ಕೆಂದು ಕೇಳುವಂತಿಲ್ಲ. ಗಂಡಸರಿಗೂ ಸಂಸಾರವಿರುವುದೆಂಬುದು ನಿಯಮವನ್ನು ಬರೆದವರಿಗೆ ಹೊಳೆಯದೆ ಹೋದುದು ಸೋಜಿಗವಲ್ಲವೆ! ಬ್ರಿಟನ್ನೂ ಹೀಗೆಯೇ ಇದ್ದಿತು. 1946ರಲ್ಲಿ ತನ್ನ ವಿದೇಶಾಂಗ ಸೇವೆಗೆ ಸ್ತ್ರೀಯರನ್ನು ಸೇರಿಸಿಕೊಂಡ ಆ ದೇಶವು ವಿವಾಹದ ನಿರ್ಬಂಧವನ್ನು ತೆಗೆದುದು 1973ರಲ್ಲಿ.

ಮುತ್ತಮ್ಮನವರು 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ಆದರೂ ಉನ್ನತ ದರ್ಜೆಯ ಬಡ್ತಿಯು ಕೈತಪ್ಪಿತು. ಆಗ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅರ್ಜಿಯ ವಿಚಾರಣೆಗೆ ಮುನ್ನವೇ ಸರ್ಕಾರವು ಬಡ್ತಿಯನ್ನು ಕೊಟ್ಟುಬಿಟ್ಟಿತು. ವಿವಾಹಿತೆಯ ನೇಮಕದ ನಿಯಮವು ಮುಂಚೆಯೇ ರದ್ದಾಗಿದ್ದಿತು. ವಿವಾಹದ ಅನುಮತಿಯ ನಿಯಮವನ್ನೂ ತೆಗೆಯುವೆವೆಂದು ಸರ್ಕಾರವು ತಿಳಿಸಿತು. ಆದುದರಿಂದ 1979ರ ಸೆಪ್ಟೆಂಬರಿನಲ್ಲಿ ಅರ್ಜಿಯು ವಜಾ ಆಯಿತಾದರೂ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಖಂಡಿಸಿ, ಅವರ ಸೇವಾಹಿರಿತನವನ್ನು ಮತ್ತೆ ಪರಿಶೀಲಿಸುವಂತೆ ಆದೇಶವಿತ್ತರು. ಮನೆಯ ಹೊಣೆಯು ಹೆಂಗಸಿನ ಕೆಲಸಕ್ಕೆ ಅಡ್ಡಿಯೆಂದರೆ ಗಂಡಸಿನ ಕೆಲಸಕ್ಕೂ ಅಡ್ಡಿಯಾಗಬಲ್ಲದೆಂಬುದು ಅವರ ತರ್ಕ. ಹಾಗೆಂದು ಎಲ್ಲ ಉದ್ಯೋಗಗಳಲ್ಲಿಯೂ ಭೇದವೇ ಕೂಡದೆಂದು ಅವರು ಹೇಳಲಿಲ್ಲ.

ಅಂತಹ ಭೇದವೊಂದು ಕಾರ್ಖಾನೆಗಳಲ್ಲಿದ್ದಿತು. 1948ರ ಕಾರ್ಖಾನೆಗಳ ಕಾಯಿದೆಯು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಸ್ತ್ರೀಯರ ದುಡಿಮೆಯನ್ನು ಸಾಮಾನ್ಯವಾಗಿ ನಿಷೇಧಿಸಿದ್ದಿತು. ಉದ್ದೇಶವು ರಕ್ಷಣೆಯೇ, ಆದರೆ ರಾತ್ರಿಯ ಸರದಿಗೆ ಬಾರದವಳನ್ನು ಹಗಲಿಗೂ ಬೇಡವೆನ್ನುವುದು ಮಾಲೀಕರಿಗೆ ಸುಲಭ. ಕರ್ನಾಟಕ ಸರ್ಕಾರವು 2019ರಲ್ಲಿ, ಸ್ತ್ರೀಯರ ಒಪ್ಪಿಗೆ, ವಾಹನ, ಭದ್ರತೆ ಮೊದಲಾದ ಷರತ್ತುಗಳೊಡನೆ ರಾತ್ರಿಯ ಕೆಲಸಕ್ಕೆ ಅನುಮತಿಯನ್ನಿತ್ತಿತು.

ಭಾನುವಳ್ಳಿಯ ಸೊಸೆಯೊಬ್ಬಳು ಹರಿಹರದ ಕಾರ್ಖಾನೆಯೊಂದಕ್ಕೆ ರಾತ್ರಿಯ ಸರದಿಗೆ ಹೋಗುವಳೆಂದಿಟ್ಟುಕೊಳ್ಳೋಣ. ಆ ವಾಹನವು ಮನೆಯ ಬಾಗಿಲಿಗೇ ಬರುವುದೋ, ಊರ ಹೊರಗಿನ ರಸ್ತೆಯಲ್ಲಿ ಇಳಿಸಿ ಹೋಗುವುದೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಬೆಳಿಗ್ಗೆ ಆಕೆಯು ಮಲಗಿ ನಿದ್ರಿಸುವಾಗ ಒಲೆ ಹಚ್ಚಿ ಮಕ್ಕಳನ್ನು ಶಾಲೆಗೆ ಕಳುಹಿಸುವವರು ಯಾರೆಂಬುದನ್ನು ಮಾತ್ರ ಯಾವ ಸರ್ಕಾರದ ಆದೇಶವೂ ಹೇಳದು. ಅದನ್ನು ಅತ್ತೆ, ಮಾವ, ಗಂಡ ಎಲ್ಲರೂ ಕುಳಿತು ಗೊತ್ತುಮಾಡಿಕೊಳ್ಳಬೇಕಾಗುವುದು.