ಕುಡಿಯುವ ನೀರಿನಲ್ಲಿಯ ಲೋಹಗಳೂ ಮುದ್ರಿತ ಪಟ್ಟಿಯ ಪರೀಕ್ಷೆಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಗ್ರಾಮಸ್ಥರಿಗೆ ಕೊಳವೆಬಾವಿಯ ನೀರಿನಲ್ಲಿಯ ಫ್ಲೋರೈಡಿನ ಉಪದ್ರವವು ಹೊಸತಲ್ಲ. ಮಕ್ಕಳ ಹಲ್ಲಿನ ಮೇಲಣ ಕಂದು ಕಲೆಯೇ ಅದರ ಗುರುತು. ಆದರೆ ಆರ್ಸೆನಿಕ್ ಎಂಬ ಪಾಷಾಣಕ್ಕೂ ಸೀಸಕ್ಕೂ ನೀರಿನಲ್ಲಿ ಬಣ್ಣವಿಲ್ಲ, ರುಚಿಯಿಲ್ಲ. ದೇಹದಲ್ಲಿ ದೋಷವು ಕಾಣುವಷ್ಟರಲ್ಲಿ ವರ್ಷಗಳೇ ಕಳೆದಿರುವವು. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ನೀರನ್ನು ಕುಡಿದು ಜನರು ಚರ್ಮರೋಗಕ್ಕೆ ಗುರಿಯಾದರು.

ಇಂಥ ಲೋಹಗಳನ್ನು ಬಾವಿಯ ಬಳಿಯಲ್ಲಿಯೇ ಅಳೆಯಲು ಬೆರಳಗಲದ ಪಟ್ಟಿಯೊಂದುಂಟು. ಸಕ್ಕರೆರೋಗದವರು ರಕ್ತವನ್ನು ನೋಡಿಕೊಳ್ಳುವ ಪಟ್ಟಿಯ ಜಾತಿಯದೇ ಇದು. ಇದರ ಮೇಲೆ ಇಂಗಾಲದ ಮಸಿಯಿಂದ ವಿದ್ಯುದ್ವಾರಗಳನ್ನು ಅಚ್ಚೊತ್ತಿರುವರು; ಆರ್ಸೆನಿಕ್ಕಿಗೆ ಹೆಚ್ಚಾಗಿ ಬಂಗಾರವನ್ನು ಲೇಪಿಸಿದ್ದೇ ಬೇಕಾಗುವದು. ಆಮ್ಲ ಬೆರೆಸಿದ ನೀರಿನಲ್ಲಿ ಪಟ್ಟಿಯನ್ನಿಟ್ಟು ಕ್ಷೀಣ ವಿದ್ಯುತ್ತನ್ನು ಹಾಯಿಸಲು, ಕರಗಿದ ಲೋಹವು ಬಂದು ಅದಕ್ಕಂಟುವದು. ಬಳಿಕ ವಿದ್ಯುದೊತ್ತಡವನ್ನು ಕ್ರಮವಾಗಿ ಬದಲಿಸಿದರೆ ಒಂದೊಂದು ಲೋಹವೂ ತನ್ನ ನಿಯತ ಒತ್ತಡದಲ್ಲಿ ಮರಳಿ ಕರಗುವದು. ಆ ಒತ್ತಡದಿಂದ ಲೋಹದ ಹೆಸರೂ, ಆಗ ಹರಿದ ವಿದ್ಯುತ್ತಿನಿಂದ ಅದರ ಪ್ರಮಾಣವೂ ತಿಳಿಯುವವು. ಭಾರತೀಯ ಮಾನಕದಂತೆ ಇವೆರಡಕ್ಕೂ ಲೀಟರಿಗೆ ೦.೦೧ ಮಿಲಿಗ್ರಾಂ ಮೇರೆ; ಎಂದರೆ ಹತ್ತು ಲಕ್ಷ ಲೀಟರು ನೀರಿನಲ್ಲಿ ಹತ್ತೇ ಗ್ರಾಂ!

ಫ್ಲೋರೈಡು ಲೋಹವಲ್ಲವಾದ್ದರಿಂದ ಈ ಪಟ್ಟಿಯು ಅದನ್ನು ತೋರಿಸದು. ಆದಕಾರಣ ಪಟ್ಟಿಯಲ್ಲಿ ದೋಷ ಕಾಣದ ಮಾತ್ರಕ್ಕೆ ಬಾವಿಯು ನಿರ್ದೋಷವೆಂದು ಗೌಡರು ಡಂಗುರ ಸಾರಿಸಬಾರದು. ತಾಮ್ರವಿರುವ ನೀರಿನಲ್ಲಿ ಆರ್ಸೆನಿಕ್ಕಿನ ಲೆಕ್ಕವು ತಪ್ಪುವದೂ ಉಂಟು. ಸಂಶಯ ಬಂದ ನೀರನ್ನು ಶುದ್ಧವಾದ ಬಾಟಲಿಯಲ್ಲಿ ಜಿಲ್ಲಾ ಪ್ರಯೋಗಶಾಲೆಗೆ ಕಳುಹಿಸತಕ್ಕದ್ದು. ಉತ್ತರ ಬರುವ ತನಕ ಅದನ್ನು ಕುಡಿಯಲಿಕ್ಕೂ ಅಡಿಗೆಗೂ ಬಳಸಕೂಡದು. ಕುದಿಸಿದರೆ ಪಾಷಾಣವು ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚುವದು.